ಐನೂರು ಪೀಸ್ ತಗೊಂಡ್ರೆ ಎಷ್ಟು ಬಿಡ್ತೀರಿ?

ಶಿರಸಿ ಕಡೆ ಅಡಿಕೆ ಸುಲಿಯೋ ಮಷಿನ್ ಮಾಡೋರು ಒಬ್ರು ನೈಲಾನ್ ಗೇರ್ ಹಿಡ್ಕೊಂಡು ಬಂದಿದ್ರು. ಒಂದು ತ್ರೀಡಿ ಪ್ರಿಂಟ್ ಮಾಡಿ ಕೊಟ್ಟೆ, ಹಾಕಿ ನೋಡಿದ್ರು, ಖುಷಿ ಆಯ್ತು. ಆಮೇಲೆ ಫೋನು: "ಐನೂರು ಬೇಕು, ಹೋಲ್‌ಸೇಲ್ ರೇಟ್ ಹೇಳಿ." ಎಲ್ರೂ ಕೇಳೋದು ಇದೇ. ಬಿಡ್ಲಿಕ್ಕೆ ಇದ್ರಲ್ಲಿ ಎಂತ ಇದೆ ಮಾರಾಯ್ರೆ?

ತ್ರೀಡಿ ಪ್ರಿಂಟ್ ಅಂದ್ರೆ ಪದರದ ಮೇಲೆ ಪದರ ಕೂಡಿಸಿ ಮಾಡೋದು, ತೊಡದೇವು ಎರೆದ ಹಾಗೆ. ಐನೂರನೇದು ಎರೀಲಿಕ್ಕೂ ಮೊದಲನೇದರಷ್ಟೇ ಹೊತ್ತು ಬೇಕು. ಒಂದು ಗೇರ್‌ಗೆ ಆರು ತಾಸು ಅಂತ ಹಿಡೀರಿ, ಐನೂರಕ್ಕೆ ಮೂರು ಸಾವಿರ ತಾಸು, ಒಂದೇ ಮಷಿನ್ ಹಗಲು ರಾತ್ರಿ ಓಡಿದ್ರೂ 125 ದಿನ, ಅದೂ ನಮ್ಮ ಹೆಸ್ಕಾಂ ಕರೆಂಟ್ ಮಳೆಗಾಲದಲ್ಲಿ ಕೈ ಕೊಡದಿದ್ರೆ. ಕರಗಿಸಿದ ಪ್ಲಾಸ್ಟಿಕ್ ಒತ್ತಿ ತುಂಬೋ ಅಚ್ಚು, ಅಂದ್ರೆ ಮೋಲ್ಡ್, ಹಂಗಲ್ಲ. ಸುಮ್ನೆ ಲೆಕ್ಕಕ್ಕೆ, ಮೋಲ್ಡ್‌ಗೆ ಎರಡು ಲಕ್ಷ ಅಂದ್ಕೊಳ್ಳಿ, ಹತ್ತು ಪೀಸ್ ತೆಗೆದ್ರೆ ಒಂದೊಂದರ ತಲೆ ಮೇಲೆ ಇಪ್ಪತ್ತು ಸಾವಿರ ಬೀಳ್ತದೆ, ಐದು ಸಾವಿರ ತೆಗೆದ್ರೆ ನಲವತ್ತೇ ರೂಪಾಯಿ, ಮತ್ತೆ ಪೀಸ್ ಹೊರಗೆ ಬೀಳೋದು ಒಂದು ನಿಮಿಷದ ಒಳಗೆ. ರೇಟ್ ಇಳಿಯೋದು ಅಲ್ಲಿ. ನೈಲಾನ್ ಪುಡಿನ ಲೇಸರ್‌ನಲ್ಲಿ ಕರಗಿಸಿ ಕೂಡಿಸೋ ಮಷಿನ್ ಆದ್ರೆ ಪೆಟ್ಟಿಗೆ ತುಂಬ ಪೀಸ್ ಜೋಡಿಸಬಹುದು, ಸ್ವಲ್ಪ ಇಳೀತದೆ ಹೌದು, ಪೆಟ್ಟಿಗೆ ತುಂಬಿದ ಮೇಲೆ ಮತ್ತೆ ಅಷ್ಟೇ.

ಇಷ್ಟು ಹೇಳಿದ್ರೆ ವಾಟ್ಸಾಪಲ್ಲಿ ವಿಡಿಯೋ ಕಳಿಸ್ತಾರೆ, ಜಿಇ ಕಂಪನಿ ಲೀಪ್ ವಿಮಾನ ಇಂಜಿನ್ನಿನ ಫ್ಯೂಯಲ್ ನಾಜಲ್, ಅಂದ್ರೆ ಇಂಧನ ಸಿಂಪಡಿಸೋ ಮೂತಿ, ಪ್ರಿಂಟ್ ಮಾಡ್ತದಲ್ಲ, ಅದು. 2018ರ ಹೊತ್ತಿಗೇ 30,000 ಮಾಡಿದ್ರು, ನಿಜ. ಆದ್ರೆ ಸುಮಾರು 20 ಬಿಡಿಭಾಗ ಬೆಸುಗೆ ಹಾಕಿ ಕೂಡಿಸ್ತಿದ್ದ ನಾಜಲ್ ತುದಿ ಅಲ್ಲಿ ಒಂದೇ ಪೀಸ್ ಆಯ್ತು, ತೂಕ ನೂರಕ್ಕೆ 25ರಷ್ಟು ಇಳೀತು, ಒಳಗಿನ ಸಂದಿಗಳನ್ನ ಯಾವ ಡ್ರಿಲ್ಲೂ ಕೊರೀಲಿಕ್ಕಾಗೋದಿಲ್ಲ. ನಿಮ್ಮ ಗೇರ್ ಒಳಗೆ ಅಂಥದ್ದು ಎಂತ ಇದೆ?

ಹಂಗಂತ ಬರ್ಲೇಬೇಡಿ ಅಂತಲ್ಲ. ಡಿಸೈನ್ ಇನ್ನೂ ಬದಲಾಗ್ತಾ ಇದ್ರೆ, ಒಂದೆರಡೇ ಸಾಕಾದ್ರೆ, ಸ್ಪೇರ್ ಬರೋದು ನಿಂತೇ ಹೋಗಿದ್ರೆ, ಬನ್ನಿ.

ಕಾರವಾರ ಬೈತಖೋಲದ ಬೋಟಿನ ಯಜಮಾನ್ರು ಒಬ್ರು ಹಳೇ ನೀರಿನ ಪಂಪಿನ ಇಂಪೆಲ್ಲರ್, ಅಂದ್ರೆ ನೀರು ತಳ್ಳೋ ರೆಕ್ಕೆ ಚಕ್ರ, ತಂದಿದ್ರು, ಗನ್‌ಮೆಟಲ್ ಅನ್ನೋ ತಾಮ್ರದ ಮಿಶ್ರಲೋಹದ್ದು, ಉಪ್ಪು ನೀರಿಗೆ ಅರ್ಧ ರೆಕ್ಕೆ ತಿಂದು ಹೋಗಿತ್ತು. "ಲೋಹದಲ್ಲೇ ಪ್ರಿಂಟ್ ಮಾಡಿ" ಅಂದ್ರು. ಲೋಹದ ಪ್ರಿಂಟ್ ಆಗ್ತದೆ, ಆದ್ರೆ ಮಷಿನ್‌ನಿಂದ ತೆಗೆದ ಮೇಲೆ ಸಾಮಾನ್ಯವಾಗಿ ಹೀಟ್ ಟ್ರೀಟ್‌ಮೆಂಟ್ ಬೇಕು, ಅಡಿಗೆ ಅಂಟಿರೋ ಪ್ಲೇಟಿಂದ ಕೊಯ್ಯಬೇಕು, ಶಾಫ್ಟ್ ಕೂರೋ ತೂತನ್ನ ಹೆಚ್ಚಾಗಿ ಲೇತ್‌ನಲ್ಲೇ ತಿರುವಬೇಕು. ಅದಕ್ಕೆ ಪ್ಲಾಸ್ಟಿಕ್ಕಲ್ಲಿ ಪ್ಯಾಟರ್ನ್, ಅಂದ್ರೆ ಎರಕದ ಅಚ್ಚು ತೆಗೀಲಿಕ್ಕೆ ಬೇಕಾದ ಮಾದರಿ, ಮಾತ್ರ ಪ್ರಿಂಟ್ ಮಾಡಿ ಲೋಹ ಎರಕ ಹೊಯ್ಯೋ ಬೆಳಗಾವಿ ಫೌಂಡ್ರಿಗೆ ಕಳಿಸಿದ್ವಿ, ಲೋಹ ತಣ್ಣಗಾಗುವಾಗ ಕುಗ್ತದಲ್ಲ, ನೂರಕ್ಕೆ ಒಂದೂವರೆ ಆಸುಪಾಸು ದೊಡ್ಡದು ಮಾಡಿ. ನಿಮ್ಮ ಮಿಶ್ರಲೋಹಕ್ಕೆ ಎಷ್ಟು ಅಂತ ಫೌಂಡ್ರಿಯವ್ರನ್ನೇ ಕೇಳಿ, ನನ್ನ ಲೆಕ್ಕ ಹಿಡ್ಕೊಂಡು ಹೋಗ್ಬೇಡಿ.

ಎರಕ ಬಂತು, ಪಂಪ್ ಓಡ್ತು. ಯಜಮಾನ್ರು ಹೊರಡೋವಾಗ, "ಇನ್ನೂ ನಾಲ್ಕು ತಗೊಂಡ್ರೆ ಕಡಿಮೆ ಆಗ್ತದಾ?" ಅಂದ್ರು. ಆಗ್ತದೆ ಅಂದೆ, ಪ್ಯಾಟರ್ನ್ ಈಗಾಗ್ಲೇ ಇದೆ, ಚೌಕಾಶಿ ಮಾತ್ರ ಫೌಂಡ್ರಿಯವ್ರ ಹತ್ರ ಮಾಡಿ.