ಕೊಳಚೆ ನೀರಿನ ವರದಿಯಲ್ಲಿ ‘ವೈರಸ್ ಸಿಗಲಿಲ್ಲ’ ಅಂತ ಬಂದರೆ

ಒಳಚರಂಡಿ ನೀರಿನಲ್ಲಿ ವೈರಸ್ ಹುಡುಕುವುದು ನನ್ನ ಕೆಲಸ. ವೈರಸ್ ಸಿಕ್ಕ ದಿನ ವರದಿ ಬೇಗ ಮುಗಿಯುತ್ತದೆ. ಸಿಗದ ದಿನವೇ ತಲೆನೋವು ಜಾಸ್ತಿ. ನೀರಿನಲ್ಲಿ ವೈರಸ್ ಇರಲೇ ಇಲ್ಲವೋ, ಇದ್ದದ್ದನ್ನು ನಾವೇ ಕಳೆದುಕೊಂಡೆವೋ ಅಂತ ಮೊದಲು ಗೊತ್ತಾಗಬೇಕು, ಅಲ್ವಾ?

ಕಳೆದುಕೊಳ್ಳುವ ಜಾಗಗಳು ಹಲವು. ಬೆಳಿಗ್ಗೆ ಒಂದು ಬಾಟಲಿ ನೀರು ತುಂಬಿಕೊಂಡು ಬಂದರೆ ಸಿಗುವುದು ಆ ಕ್ಷಣದಲ್ಲಿ ಹರಿದ ನೀರು ಮಾತ್ರ. ಅದಕ್ಕೇ ಸಾಧ್ಯವಾದ ಕಡೆ 24 ಗಂಟೆ ಸ್ವಲ್ಪ ಸ್ವಲ್ಪವೇ ನೀರು ಎಳೆದುಕೊಳ್ಳುವ ಯಂತ್ರ ಇಡುತ್ತೇವೆ. ಸ್ಯಾಂಪಲ್ ಲ್ಯಾಬ್ ತಲುಪುವವರೆಗೂ 4 ಡಿಗ್ರಿಯ ತಂಪಿನಲ್ಲಿರಬೇಕು. ಆಮೇಲೆ ಅಷ್ಟೂ ನೀರಿನಲ್ಲಿ ಚದುರಿರುವ ವೈರಸ್ಸನ್ನು ಕೆಲವೇ ಹನಿಗಳಿಗೆ ಇಳಿಸಬೇಕು. ಅತಿ ಸಣ್ಣ ರಂಧ್ರದ ಫಿಲ್ಟರಿನಲ್ಲಿ ಸೋಸಬಹುದು, ಪಾಲಿಇಥಿಲೀನ್ ಗ್ಲೈಕಾಲ್ ಅನ್ನುವ ರಾಸಾಯನಿಕ ಹಾಕಿ ತಳಕ್ಕೆ ಕೂರಿಸಬಹುದು. ಯಾವ ವಿಧಾನದಲ್ಲೂ ಒಂದಷ್ಟು ವೈರಸ್ ಕೈತಪ್ಪುತ್ತದೆ.

ಎಷ್ಟು ತಪ್ಪಿತು ಅಂತ ತಿಳಿಯಲು ಶುರುವಿನಲ್ಲೇ ನೀರಿಗೆ ಬೇರೊಂದು ವೈರಸ್ಸನ್ನು ಅಳೆದು ಹಾಕುತ್ತೇವೆ. ಕೊರೋನಾ ಹುಡುಕುವಾಗ ದನಗಳಿಗೆ ತಗಲುವ ಒಂದು ಕೊರೋನಾ ವೈರಸ್ಸನ್ನು ಹಲವು ಲ್ಯಾಬುಗಳು ಹೀಗೆ ಬಳಸಿವೆ. ಹಾಕಿದ್ದರಲ್ಲಿ ಅರ್ಧಕ್ಕಿಂತ ಕಡಿಮೆ ವಾಪಸ್ ಸಿಗುವುದು ಮಾಮೂಲು. ಏನೂ ವಾಪಸ್ ಬರಲಿಲ್ಲ ಅಂದರೆ ಆ ಸ್ಯಾಂಪಲ್ಲಿನ ‘ಸಿಗಲಿಲ್ಲ’ಕ್ಕೆ ಬೆಲೆಯೇ ಇಲ್ಲ.

ಇದಕ್ಕಿಂತ ಮೋಸದ್ದು ಪಿಸಿಆರ್ ಹಂತ. ವೈರಸ್ಸಿನ ಆರ್‌ಎನ್‌ಎಯನ್ನು, ಅಂದರೆ ಅದರ ತಳಿ ಮಾಹಿತಿ ಇರುವ ಅಣುವನ್ನು, ಕಿಣ್ವಗಳ ನೆರವಿನಿಂದ ಸುತ್ತು ಸುತ್ತಿಗೂ ದುಪ್ಪಟ್ಟು ನಕಲು ಮಾಡಿ ಕಾಣುವಷ್ಟು ಹೆಚ್ಚಿಸುವುದು ಇಲ್ಲಿ. ಕೊಳಚೆ ನೀರಿನಲ್ಲಿ ಜಿಡ್ಡು, ಸೋಪು, ಕೊಳೆತ ಗಿಡಮರಗಳ ಹ್ಯೂಮಿಕ್ ಆಮ್ಲ ಎಲ್ಲ ಇರುತ್ತವೆ. ಇವು ಆರ್‌ಎನ್‌ಎ ಜೊತೆಗೇ ಉಳಿದುಕೊಂಡು ಪಿಸಿಆರ್ ಕಿಣ್ವದ ಕೈಕಟ್ಟುತ್ತವೆ. ವೈರಸ್ ಟ್ಯೂಬಿನಲ್ಲೇ ಇದ್ದರೂ ನಕಲು ಹೆಚ್ಚಿದ್ದನ್ನು ತೋರಿಸುವ ಗೆರೆ ಪರದೆಯ ಮೇಲೆ ಏಳುವುದಿಲ್ಲ. ಇದನ್ನು ಹಿಡಿಯಲು ಗೊತ್ತಿರುವಷ್ಟು ಆರ್‌ಎನ್‌ಎಯನ್ನು ನಾವೇ ಸೇರಿಸಿ, ಒಮ್ಮೆ ಹಾಗೇ, ಇನ್ನೊಮ್ಮೆ ಹತ್ತು ಪಟ್ಟು ತೆಳು ಮಾಡಿ ಓಡಿಸುತ್ತೇವೆ. ತೆಳು ಮಾಡಿದ್ದು ಸುಮಾರು 3.3 ಸೈಕಲ್ (ನಕಲಿನ ಸುತ್ತು) ತಡವಾಗಿ ಏಳಬೇಕು. ಎರಡೂ ಒಟ್ಟಿಗೇ ಎದ್ದರೆ, ಅಥವಾ ತೆಳು ಮಾಡಿದ್ದೇ ಮೊದಲು ಎದ್ದರೆ, ಅಡ್ಡಿ ಇದೆ ಅಂತ ಅರ್ಥ. ನೀರು ಹಾಕಿ ತೆಳು ಮಾಡಿದಾಗ ವೈರಸ್ ಚೆನ್ನಾಗಿ ಕಾಣುವುದು ಹೊಸಬರಿಗೆ ವಿಚಿತ್ರ ಅನಿಸುತ್ತದೆ. ಆದರೆ ಅಲ್ಲಿ ಅಡ್ಡಿಯೂ ತೆಳುವಾಗಿರುತ್ತದೆ.

ಇನ್ನು ಮಳೆ. ಮಳೆನೀರು ಚರಂಡಿಗೆ ನುಗ್ಗಿದರೆ ವೈರಸ್ ಕಡಿಮೆಯಾದಂತೆ ಕಾಣುತ್ತದೆ, ಕಾಯಿಲೆ ಕಡಿಮೆಯಾಗಿರುವುದಿಲ್ಲ. ಇಲ್ಲಿ ಕೈಹಿಡಿಯುವುದು ಮೆಣಸಿನಕಾಯಿ ಗಿಡದ ಒಂದು ವೈರಸ್, ಪೆಪ್ಪರ್ ಮೈಲ್ಡ್ ಮಾಟಲ್ ವೈರಸ್. ತಿಂದ ಮೆಣಸಿನಕಾಯಿ ಜೊತೆ ಹೊಟ್ಟೆ ಸೇರಿ ಮಲದಲ್ಲಿ ಹೇರಳವಾಗಿ ಹೊರಬರುತ್ತದೆ. ಅದೂ ಅಷ್ಟೇ ಪ್ರಮಾಣದಲ್ಲಿ ಇಳಿದಿದ್ದರೆ ನೀರು ಜಾಸ್ತಿಯಾಗಿದೆ ಅಂತ ಲೆಕ್ಕ. ನನಗೆ ತುಂಬ ಇಷ್ಟವಾದ ಅಳತೆ ಇದು.

ಇಷ್ಟೆಲ್ಲ ಪರೀಕ್ಷೆ ಸುಮ್ನೆ ಅಲ್ಲ. ಪೋಲಿಯೋ ತಗಲಿದ ಸುಮಾರು 200 ಜನರಲ್ಲಿ ಒಬ್ಬರಿಗೆ ಮಾತ್ರ ಪಾರ್ಶ್ವವಾಯು ಬರುತ್ತದೆ. ಉಳಿದವರ ಸುಳಿವು ಆಸ್ಪತ್ರೆಗೆ ಸಿಗುವುದಿಲ್ಲ, ಚರಂಡಿಗೆ ಸಿಗುತ್ತದೆ. 2013ರಲ್ಲಿ ಇಸ್ರೇಲ್‌ನ ಕೊಳಚೆ ನೀರಿನಲ್ಲಿ ಪೋಲಿಯೋ ವೈರಸ್ ಕಂಡಾಗ ಕೈಕಾಲು ಸ್ವಾಧೀನ ತಪ್ಪಿದ ಮಗು ಒಂದೂ ಇರಲಿಲ್ಲ. ಆ ಸುಳಿವಿನ ಮೇಲೆಯೇ ಮಕ್ಕಳಿಗೆ ಮತ್ತೆ ಹನಿ ಹಾಕಿದರು. 2022ರಲ್ಲಿ ಲಂಡನ್ನಿನಲ್ಲೂ ಇಂಥದ್ದೇ ಸುಳಿವು ಸಿಕ್ಕಿ ಮಕ್ಕಳಿಗೆ ಹೆಚ್ಚುವರಿ ಲಸಿಕೆ ಕೊಟ್ಟರು. ಅಲ್ಲಿನ ಲ್ಯಾಬುಗಳು ಇದ್ದ ವೈರಸ್ಸನ್ನು ಕಳೆದುಕೊಂಡು ‘ಸಿಗಲಿಲ್ಲ’ ಅಂತ ಬರೆದಿದ್ದರೆ?

ಹಾಗಾಗಿ ನಾನು ವರದಿಯಲ್ಲಿ ‘ಸೊನ್ನೆ’ ಅಂತ ಬರೆಯುವುದಿಲ್ಲ. ‘ಪತ್ತೆ ಮಿತಿಗಿಂತ ಕಡಿಮೆ’, ಅಂದರೆ ನಮ್ಮ ಪರೀಕ್ಷೆ ಹಿಡಿಯಬಲ್ಲ ಕನಿಷ್ಠ ಪ್ರಮಾಣಕ್ಕಿಂತ ಕಡಿಮೆ ಅಂತ ಬರೆದು, ಆ ಮಿತಿ ಲೀಟರಿಗೆ ಎಷ್ಟು, ಹಾಕಿದ ವೈರಸ್ಸಿನಲ್ಲಿ ಎಷ್ಟು ವಾಪಸ್ ಬಂತು, ಅಡ್ಡಿ ಇತ್ತೇ ಅನ್ನುವುದನ್ನೂ ಪಕ್ಕದಲ್ಲೇ ಸೇರಿಸುತ್ತೇನೆ. ವರದಿ ಓದಿ ತೀರ್ಮಾನ ತೆಗೆದುಕೊಳ್ಳುವ ಆರೋಗ್ಯ ಅಧಿಕಾರಿಗಳು ಈ ಮೂರು ವಿವರಗಳಿಲ್ಲದ ವರದಿಯನ್ನು ಲ್ಯಾಬಿಗೆ ವಾಪಸ್ ಕಳಿಸಬೇಕು.