ಮಷೀನು ಖಾಲಿ ಕೂತರೆ ತಪ್ಪೇನು?

ನಾಲ್ಕು ಕೆಲಸ, ಎರಡು ಮಷೀನು. ಒಂದರಲ್ಲಿ ತಗಡು ಕತ್ತರಿಸಬೇಕು, ಇನ್ನೊಂದರಲ್ಲಿ ಬಣ್ಣ ಹೊಡೆಯಬೇಕು. ಕೆಲಸಗಳನ್ನು ಕ, ಚ, ಟ, ತ ಅಂತ ಕರೆಯೋಣ. ‘ಕ’ ಕೆಲಸಕ್ಕೆ ಕಟಿಂಗ್ 5 ಗಂಟೆ, ಪೇಂಟಿಂಗ್ 2 ಗಂಟೆ. ‘ಚ’ಗೆ 1 ಮತ್ತು 6. ‘ಟ’ಗೆ 9 ಮತ್ತು 7. ‘ತ’ಗೆ 3 ಮತ್ತು 8. ಎಲ್ಲಕ್ಕೂ ಕಟಿಂಗ್ ಮೊದಲು, ಪೇಂಟಿಂಗ್ ಆಮೇಲೆ. ಯಾವ ಕೆಲಸವನ್ನು ಮೊದಲು ಹಿಡಿಯಬೇಕು?

ಕ, ಚ, ಟ, ತ ಅಂತ ಬಂದ ಸಾಲಿನಲ್ಲೇ ಮಾಡಿದರೆ ಎಲ್ಲ ಮುಗಿಯಲು 30 ಗಂಟೆ ಬೇಕು. ಕ, ಟ, ತ, ಚ ಅಂತ ಮಾಡಿದರೆ 35. ಚ, ತ, ಟ, ಕ ಅಂತ ಮಾಡಿದರೆ 24. ಮಷೀನು ಅವೇ, ಜನ ಅವರೇ, ಕೆಲಸವೂ ಅಷ್ಟೇ. ಬರೀ ಸಾಲು ಬದಲಾಯಿಸಿದ್ದಕ್ಕೆ 11 ಗಂಟೆಯ ವ್ಯತ್ಯಾಸ. ನಂಬಿಕೆ ಬರದಿದ್ದರೆ ಕಾಗದದ ಮೇಲೆ ಎರಡು ಗೆರೆ ಎಳೆದು ಲೆಕ್ಕ ಹಾಕಿ ನೋಡಿ, ಐದು ನಿಮಿಷದ ಕೆಲಸ.

24ಕ್ಕಿಂತ ಕಡಿಮೆ ಸಾಧ್ಯವೇ ಇಲ್ಲ. ಪೇಂಟಿಂಗ್ ಕೆಲಸವೇ ಒಟ್ಟು 23 ಗಂಟೆ ಇದೆ. ಮೊದಲ ತಗಡು ಕತ್ತರಿಸಿ ಬರುವ ತನಕ ಪೇಂಟಿಂಗ್ ಮಷೀನು ಕನಿಷ್ಠ 1 ಗಂಟೆ ಕಾಯಲೇಬೇಕು. ಈ ಸಾಲನ್ನು ಹುಡುಕುವ ಸುಲಭ ದಾರಿಯನ್ನು ಅಮೆರಿಕದ ರ‍್ಯಾಂಡ್ ಸಂಸ್ಥೆಯಲ್ಲಿದ್ದ ಗಣಿತಜ್ಞ ಸೆಲ್ಮರ್ ಜಾನ್ಸನ್ 1954ರಲ್ಲಿ ತೋರಿಸಿದರು. ಎಲ್ಲ ಸಮಯಗಳಲ್ಲಿ ಅತಿ ಚಿಕ್ಕದನ್ನು ಹುಡುಕಿ. ಅದು ಮೊದಲ ಮಷೀನಿನದಾದರೆ ಆ ಕೆಲಸವನ್ನು ಸಾಲಿನ ಮುಂದೆ ಇಡಿ. ಎರಡನೇ ಮಷೀನಿನದಾದರೆ ಕೊನೆಗೆ ತಳ್ಳಿ. ಆ ಕೆಲಸವನ್ನು ಪಟ್ಟಿಯಿಂದ ತೆಗೆದು, ಉಳಿದವಕ್ಕೂ ಹೀಗೇ ಮಾಡಿ. ಅಷ್ಟೇ. ಎರಡು ಮಷೀನು ಮತ್ತು ಸಾವಿರ ಕೆಲಸ ಇದ್ದರೂ ಇದು ಅತ್ಯುತ್ತಮ ಸಾಲನ್ನೇ ಕೊಡುತ್ತದೆ.

ಇಷ್ಟು ಚೆಂದದ ನಿಯಮ ಮೂರನೇ ಮಷೀನು ಬಂದ ಕೂಡಲೇ ಕೈಕೊಡುತ್ತದೆ. ಮೂರು ಮಷೀನಿನ ಇದೇ ಪ್ರಶ್ನೆಗೆ ವೇಗವಾಗಿ ಕೆಲಸ ಮಾಡುವ ಸೂತ್ರ ಬಹುಶಃ ಯಾವತ್ತೂ ಸಿಗಲಾರದು ಎಂಬುದಕ್ಕೆ ಬಲವಾದ ಗಣಿತದ ಆಧಾರವನ್ನು 1976ರಲ್ಲಿ ಗ್ಯಾರಿ, ಜಾನ್ಸನ್ ಮತ್ತು ಸೇಠಿ ಕೊಟ್ಟರು. (ಈ ಜಾನ್ಸನ್ ಬೇರೆ.) ಕೆಲಸ ಹೆಚ್ಚಿದಂತೆ ಸಾಧ್ಯವಿರುವ ಸಾಲುಗಳ ಸಂಖ್ಯೆ ಸ್ಫೋಟಗೊಳ್ಳುತ್ತದೆ. ಯಾವ ಕೆಲಸ ಯಾವಾಗ ಎಂದು ಗೊತ್ತುಮಾಡುವ ಈ ಕ್ಷೇತ್ರಕ್ಕೆ ಶೆಡ್ಯೂಲಿಂಗ್ ಅನ್ನುತ್ತಾರೆ. ಒಂದು ಹಳೆಯ ಲೆಕ್ಕ ಇಲ್ಲಿನವರಿಗೆಲ್ಲ ಗೊತ್ತು. 10 ಕೆಲಸ, 10 ಮಷೀನು, ಪ್ರತಿ ಕೆಲಸಕ್ಕೂ ಅದರದ್ದೇ ದಾರಿ. 1963ರಲ್ಲಿ ಅಚ್ಚಾಯಿತು. ಕೇಳಲು ಚಿಕ್ಕದು, ಅಲ್ವಾ? ಪ್ರತಿ ಮಷೀನಿನ ಮುಂದೆ ಹತ್ತು ಕೆಲಸಗಳನ್ನು ಜೋಡಿಸುವ ಬಗೆಗಳನ್ನೆಲ್ಲ ಗುಣಿಸುತ್ತಾ ಹೋದರೆ ಸಿಗುವುದು 4ರ ಮುಂದೆ 65 ಸೊನ್ನೆಗಳ ಹತ್ತಿರದ ಸಂಖ್ಯೆ. ಆ ಲೆಕ್ಕದಲ್ಲಿ ಎಲ್ಲ ಮುಗಿಯಲು 930 ಯೂನಿಟ್ ಹೊತ್ತೇ ಅತಿ ಕಡಿಮೆ ಎಂದು ಫ್ರಾನ್ಸಿನ ಕಾರ್ಲಿಯೇ ಮತ್ತು ಪಿನ್ಸೋನ್ ಸಾಧಿಸಿದ್ದು 1989ರಲ್ಲಿ. ಕಾಲು ಶತಮಾನಕ್ಕೂ ಜಾಸ್ತಿ ಹಿಡಿಯಿತು.

ಹಾಗಂತ ಕಾರ್ಖಾನೆಗಳು ಗಣಿತಜ್ಞರಿಗಾಗಿ ಕಾಯುತ್ತಾ ಕೂರಲಿಲ್ಲ. ‘ಕೊಡಬೇಕಾದ ದಿನ ಯಾವುದಕ್ಕೆ ಹತ್ತಿರವೋ ಅದು ಮೊದಲು’, ‘ಚಿಕ್ಕ ಕೆಲಸ ಮೊದಲು’ ಎಂಬಂಥ ನಿಯಮಗಳಲ್ಲೇ ಅವು ನಡೆದುಕೊಂಡು ಬಂದಿವೆ. ಇವತ್ತು ಸಾಫ್ಟ್‌ವೇರ್‌ಗಳು ಸಾಧಾರಣ ಒಂದು ಶೆಡ್ಯೂಲ್‌ನಿಂದ ಶುರುಮಾಡಿ, ಎರಡು ಕೆಲಸಗಳನ್ನು ಅದಲುಬದಲು ಮಾಡಿ ನೋಡುತ್ತಾ ಸುಧಾರಿಸುತ್ತವೆ. ಅತ್ಯುತ್ತಮ ಎಂಬ ಗ್ಯಾರಂಟಿ ಇಲ್ಲ, ಆದರೆ ಸಾಕಷ್ಟು ಒಳ್ಳೆಯದು ನಿಮಿಷಗಳಲ್ಲಿ ಸಿಗುತ್ತದೆ. ನನಗೆ ಈ ಕ್ಷೇತ್ರದಲ್ಲಿ ಇದಕ್ಕಿಂತ ಕುತೂಹಲ ಹುಟ್ಟಿಸುವುದು ಬೇರೆ. ನಮಗೆ ಸಹಜವಾಗಿ ಹೊಳೆಯುವ ಪರಿಹಾರಗಳು ಇಲ್ಲಿ ಎಷ್ಟು ಸಲ ಉಲ್ಟಾ ಹೊಡೆಯುತ್ತವೆ ಅನ್ನುವುದು.

ಕೆಲಸ ತಡವಾಗುತ್ತಿದ್ದರೆ ಇನ್ನೊಂದು ಮಷೀನು ಹಾಕಿ ಅನ್ನುತ್ತೇವೆ. ಬೆಲ್ ಲ್ಯಾಬ್ಸ್‌ನ ರೊನಾಲ್ಡ್ ಗ್ರಹಾಂ 1960ರ ದಶಕದಲ್ಲಿ ಇದನ್ನು ಪರೀಕ್ಷಿಸಿದರು. ಅವರ ಉದಾಹರಣೆಯಲ್ಲಿ ಒಂಬತ್ತು ಕೆಲಸ, ಒಂದೇ ಥರದ ಮೂರು ಮಷೀನು. ಕೆಲವು ಕೆಲಸಗಳು ಇನ್ನು ಕೆಲವು ಮುಗಿಯುವ ತನಕ ಶುರುವಾಗುವಂತಿಲ್ಲ. ನಿಯಮ ಒಂದೇ: ಯಾವ ಮಷೀನು ಖಾಲಿಯಾದರೂ ಪಟ್ಟಿಯಲ್ಲಿ ಮುಂದಿರುವ, ಶುರುಮಾಡಲು ಸಿದ್ಧವಿರುವ ಕೆಲಸವನ್ನು ಕೂಡಲೇ ಎತ್ತಿಕೊಳ್ಳಬೇಕು. ಮೂರು ಮಷೀನಿನಲ್ಲಿ ಎಲ್ಲ ಮುಗಿಯಲು 12 ಗಂಟೆ ಆಯಿತು ಅನ್ನೋಣ. ನಾಲ್ಕನೇ ಮಷೀನು ತಂದರು. 15 ಗಂಟೆ ಆಯಿತು! ಅದು ಬೇಡ, ಮೂರೇ ಇರಲಿ, ಪ್ರತಿ ಕೆಲಸದ ಸಮಯವನ್ನೂ ಒಂದೊಂದು ಗಂಟೆ ಇಳಿಸೋಣ ಅಂತ ನೋಡಿದರೆ 13 ಗಂಟೆ.

ಇದರಲ್ಲಿ ಮೋಸವೇನೂ ಇಲ್ಲ. ಆ ಪಟ್ಟಿಯ ಕೊನೆಯಲ್ಲಿ 9 ಗಂಟೆಯ ಒಂದು ದೊಡ್ಡ ಕೆಲಸ ಇತ್ತು. ಮೂರು ಮಷೀನು ಇದ್ದಾಗ ಚಿಕ್ಕ ಕೆಲಸಗಳು ಇನ್ನೂ ಸಿದ್ಧವಾಗಿರಲಿಲ್ಲ, ಹಾಗಾಗಿ ದೊಡ್ಡದಕ್ಕೆ ಬೇಗ ಜಾಗ ಸಿಕ್ಕಿತು. ನಾಲ್ಕನೇ ಮಷೀನು ಬಂದ ಮೇಲೆ ಚಿಕ್ಕವು ಬೇಗ ಸಿದ್ಧವಾಗಿ ಎಲ್ಲ ಮಷೀನುಗಳನ್ನೂ ಹಿಡಿದುಕೊಂಡವು. ದೊಡ್ಡ ಕೆಲಸ ಹಿಂದೆ ಬಿತ್ತು. ಕೊನೆಗೆ ಅದೊಂದೇ ಓಡುತ್ತಿದ್ದರೆ ಉಳಿದ ಮಷೀನುಗಳು ಸುಮ್ನೆ ನಿಂತಿದ್ದವು. ಯಾವ ಮಷೀನೂ ಒಂದು ಕ್ಷಣ ಕಾಯಬಾರದು ಎಂಬ ಹಟವೇ ಇಲ್ಲಿ ಮುಳುವಾಯಿತು.

ಈ ಹಟ ಎಲ್ಲ ಕಡೆ ಇದೆ. ಕಾರ್ಖಾನೆ ನೋಡಲು ಬಂದ ದೊಡ್ಡ ಅಧಿಕಾರಿಗೆ ನಿಂತ ಮಷೀನು ಕಣ್ಣಿಗೆ ಚುಚ್ಚುತ್ತದೆ. ಅದರ ಪಕ್ಕದಲ್ಲೇ ಎದೆಯೆತ್ತರಕ್ಕೆ ಪೇರಿಸಿಟ್ಟ ಅರೆಬರೆ ಮಾಲು ಚುಚ್ಚುವುದಿಲ್ಲ. ಆದರೆ ಗಿರಾಕಿ ಕಾಯುತ್ತಿರುವುದು ಆ ರಾಶಿಯಿಂದ. 1961ರಲ್ಲಿ ಅಮೆರಿಕದ ಜಾನ್ ಲಿಟಲ್ ಒಂದು ಪುಟ್ಟ ಸೂತ್ರವನ್ನು ಸಾಧಿಸಿ ತೋರಿಸಿದರು. ಒಳಗೆ ಸಿಕ್ಕಿಕೊಂಡಿರುವ ಮಾಲನ್ನು ದಿನಕ್ಕೆ ಹೊರಬರುವ ಮಾಲಿನಿಂದ ಭಾಗಿಸಿದರೆ, ಒಂದು ಮಾಲು ಸರಾಸರಿ ಎಷ್ಟು ದಿನ ಒಳಗಿರುತ್ತದೆ ಅಂತ ಗೊತ್ತಾಗುತ್ತದೆ. 600 ಒಳಗಿದೆ, ದಿನಕ್ಕೆ 50 ಹೊರಬರುತ್ತಿದೆ ಅಂದರೆ 12 ದಿನ. ದಿನಕ್ಕೆ 50 ಬರುತ್ತಿರುವಾಗಲೇ ರಾಶಿಯನ್ನು 300ಕ್ಕೆ ಇಳಿಸಿದರೆ 6 ದಿನ. ಹೊಸ ಮಷೀನು ಬೇಡ, ಓವರ್‌ಟೈಮ್ ಬೇಡ.

ಅದೇ ವರ್ಷ ಬ್ರಿಟನ್ನಿನ ಜಾನ್ ಕಿಂಗ್‌ಮನ್ ಕೊಟ್ಟ ಇನ್ನೊಂದು ಸೂತ್ರ ಇನ್ನೂ ಖಾರವಾಗಿದೆ. ಒಂದು ಮಷೀನಿನ ಮುಂದೆ ಕಾಯುವ ಸಮಯ ಮೂರು ಸಂಗತಿಗಳ ಗುಣಾಕಾರ ಅನ್ನುತ್ತದೆ ಅದು: ಒಂದು ಕೆಲಸಕ್ಕೆ ಹಿಡಿಯುವ ಹೊತ್ತು, ಕೆಲಸ ಬರುವುದರಲ್ಲಿ ಮತ್ತು ಮುಗಿಯುವುದರಲ್ಲಿ ಏರುಪೇರು ಎಷ್ಟಿದೆ ಎಂಬುದು, ಮಷೀನು ಎಷ್ಟು ಬ್ಯುಸಿ ಎಂಬುದು. ಮೂರನೆಯದು ಮೆಲ್ಲಗೆ ಏರುವುದಿಲ್ಲ. ಏರುಪೇರು ಸಾಮಾನ್ಯ ಮಟ್ಟದಲ್ಲಿದೆ, ಒಂದು ಕೆಲಸಕ್ಕೆ ಸರಾಸರಿ 1 ಗಂಟೆ ಬೇಕು ಅಂದುಕೊಳ್ಳಿ. ಮಷೀನು ಶೇ. 50ರಷ್ಟು ಬ್ಯುಸಿ ಇದ್ದರೆ ಸರಾಸರಿ 1 ಗಂಟೆ ಕಾಯಬೇಕು. ಶೇ. 80 ಆದರೆ 4 ಗಂಟೆ. ಶೇ. 90ಕ್ಕೆ 9. ಶೇ. 95ಕ್ಕೆ 19. ಶೇ. 99ಕ್ಕೆ 99 ಗಂಟೆ. ಕೊನೆಯ ನಾಲ್ಕು ಶೇಕಡಾ ಹಿಂಡಿ ತೆಗೆಯಲು ಹೋಗಿ ಗಿರಾಕಿಯನ್ನು ಐದು ಪಟ್ಟು ಕಾಯಿಸಿದ ಹಾಗಾಯಿತು. ಆದರೂ ‘ನಮ್ಮ ಮಷೀನುಗಳು ಶೇ. 99 ಓಡುತ್ತವೆ’ ಅಂತ ಹೆಮ್ಮೆಯಿಂದ ಹೇಳಿಕೊಳ್ಳುವವರು ಇದ್ದಾರೆ. ಡೆಲಿವರಿ ಯಾಕೆ ತಡ ಅಂತ ತಲೆ ಕೆರೆದುಕೊಳ್ಳುವವರೂ ಅವರೇ.

ಇದು ಒಂದು ಕಾರ್ಖಾನೆಯ ಗೋಡೆಯೊಳಗಿನ ಕಥೆ. ಅಂಗಡಿ, ಸಗಟು ವ್ಯಾಪಾರಿ, ಕಾರ್ಖಾನೆ ಒಂದಕ್ಕೊಂದು ಪೋಣಿಸಿಕೊಂಡಾಗ ಏರುಪೇರು ತಾನಾಗಿಯೇ ಹುಟ್ಟುತ್ತದೆ. ಅಮೆರಿಕದ ಎಂಐಟಿಯ ಜೇ ಫಾರೆಸ್ಟರ್ 1958ರಲ್ಲೇ ಇದನ್ನು ಬರೆದಿದ್ದರು. ಲೆಕ್ಕ ಹಾಕಿ ನೋಡಿದರೆ ಗಾಬರಿಯಾಗುತ್ತದೆ.

ಒಂದು ಅಂಗಡಿ ವಾರಕ್ಕೆ 100 ಡಬ್ಬಿ ಮಾರುತ್ತದೆ. ಎರಡು ವಾರದ ವ್ಯಾಪಾರಕ್ಕೆ ಸಾಕಾಗುವಷ್ಟು, ಅಂದರೆ 200, ಸ್ಟಾಕು ಇಟ್ಟುಕೊಳ್ಳುತ್ತದೆ. ಸಗಟು ವ್ಯಾಪಾರಿಯದೂ ಕಾರ್ಖಾನೆಯದೂ ಅದೇ ಪದ್ಧತಿ. ಒಂದು ವಾರ 110 ಹೋಯಿತು. ಅಂಗಡಿಯವರು ಮಾರಿದ 110 ತುಂಬಿಸಬೇಕು, ಸ್ಟಾಕನ್ನೂ 220ಕ್ಕೆ ಏರಿಸಬೇಕು. ಆರ್ಡರ್ 130. ಸಗಟು ವ್ಯಾಪಾರಿಗೆ ಕಾಣುವುದು ಈ 130 ಮಾತ್ರ. ಅವರ ಲೆಕ್ಕದಲ್ಲಿ ಸ್ಟಾಕು ಈಗ 260 ಇರಬೇಕು. ಅವರ ಆರ್ಡರ್ 190. ಕಾರ್ಖಾನೆ 190 ಕಳಿಸಬೇಕು, ತನ್ನ ಸ್ಟಾಕನ್ನು 380ಕ್ಕೆ ಏರಿಸಬೇಕು. ಅದು 370 ಡಬ್ಬಿ ತಯಾರಿಸಲು ಹೊರಡುತ್ತದೆ! ಮಾರಾಟ ಹೆಚ್ಚಿದ್ದು ಬರೀ ಹತ್ತು. ಮುಂದಿನ ವಾರ ಮಾರಾಟ ಮತ್ತೆ 100ಕ್ಕೆ ಬಂದರೆ ಅಂಗಡಿಯ ಆರ್ಡರ್ 80. ಸಗಟು ವ್ಯಾಪಾರಿಯ ಬಳಿ ಮಾಲು ಮಿಕ್ಕಿದೆ, ಹಾಗಾಗಿ ಅವರ ಆರ್ಡರ್ ಸೊನ್ನೆ. ಕಾರ್ಖಾನೆಗೆ ಒಂದು ವಾರ ಓವರ್‌ಟೈಮ್, ಮರುವಾರ ಕೆಲಸವೇ ಇಲ್ಲ.

ಇಲ್ಲಿ ಯಾರೂ ಪೆದ್ದರಲ್ಲ. ಒಬ್ಬೊಬ್ಬರೂ ತಮಗೆ ಕಂಡಷ್ಟರಲ್ಲಿ ಜವಾಬ್ದಾರಿಯಿಂದಲೇ ನಡೆದುಕೊಂಡಿದ್ದಾರೆ. ನಿಜ ಜೀವನದಲ್ಲಿ ಇದರ ಮೇಲೆ ಮಾಲು ತಲುಪಲು ತಗಲುವ ವಾರಗಳೂ ಸೇರುತ್ತವೆ. ಹೌ ಲೀ, ಪದ್ಮನಾಭನ್ ಮತ್ತು ವಾಂಗ್ 1997ರಲ್ಲಿ ಈ ಏರುಪೇರಿಗೆ ನಾಲ್ಕು ಕಾರಣ ಗುರುತಿಸಿದರು. ಮೊದಲನೆಯದು ನಾವೀಗ ನೋಡಿದ್ದು, ಆರ್ಡರನ್ನೇ ನಿಜವಾದ ಬೇಡಿಕೆ ಅಂದುಕೊಳ್ಳುವುದು. ಎರಡು, ಒಟ್ಟಿಗೇ ದೊಡ್ಡ ಆರ್ಡರ್ ಹಾಕುವುದು. ಮೂರು, ರಿಯಾಯಿತಿ ಬಂದಾಗ ತುಂಬಿಕೊಳ್ಳುವುದು. ನಾಲ್ಕನೆಯದು ಸ್ವಲ್ಪ ಕಿಲಾಡಿತನದ್ದು: ಮಾಲಿನ ಕೊರತೆ ಇದೆ ಅಂತ ಗೊತ್ತಾದರೆ, ಅರ್ಧವಾದರೂ ಸಿಗಲಿ ಅಂತ ಎರಡರಷ್ಟು ಕೇಳುವುದು. ಇಂಟರ್ನೆಟ್ ಉಪಕರಣ ತಯಾರಿಸುವ ಸಿಸ್ಕೋ 2001ರಲ್ಲಿ 2 ಶತಕೋಟಿ ಡಾಲರ್‌ಗೂ ಹೆಚ್ಚಿನ ಮೌಲ್ಯದ ದಾಸ್ತಾನನ್ನು ನಷ್ಟಕ್ಕೆ ಬರೆಯಬೇಕಾಯಿತು. ಮಾರುಕಟ್ಟೆ ಕುಸಿದಿದ್ದು ನಿಜ. ಅದಕ್ಕೆ ಮುಂಚಿನ ಆರ್ಡರುಗಳಲ್ಲಿ ಇಂಥ ಡಬಲ್ ಆರ್ಡರುಗಳೂ ಸೇರಿದ್ದವು.

ಪರಿಹಾರ ಹೇಳಲು ಸುಲಭ. ಅಂಗಡಿಯ ನಿಜವಾದ ಮಾರಾಟ ಎಲ್ಲರಿಗೂ ಕಾಣಲಿ, ಆರ್ಡರುಗಳು ಚಿಕ್ಕದಾಗಿರಲಿ. ಆದರೆ ಆರ್ಡರ್ ಚಿಕ್ಕದಾಗಬೇಕಾದರೆ ಕಾರ್ಖಾನೆ ಒಂದು ಮಾಲಿನಿಂದ ಇನ್ನೊಂದಕ್ಕೆ ಬೇಗ ಬದಲಾಗಬೇಕು. 1913ರಲ್ಲಿ ಫೋರ್ಡ್ ಹ್ಯಾರಿಸ್ ಎಂಬವರು ಒಂದು ಸಲಕ್ಕೆ ಎಷ್ಟು ತಯಾರಿಸಿದರೆ ಲಾಭ ಎಂಬ ಸೂತ್ರ ಕೊಟ್ಟಿದ್ದರು. ಮಷೀನು ಹೊಂದಿಸಲು ಖರ್ಚು ಜಾಸ್ತಿಯಾದಷ್ಟೂ ದೊಡ್ಡ ಗಂಟು ತಯಾರಿಸಿ ಅನ್ನುತ್ತದೆ ಅದು. ದಶಕಗಳ ಕಾಲ ಎಲ್ಲರೂ ಆ ಸೂತ್ರಕ್ಕೆ ಅಂಕಿಗಳನ್ನು ತುಂಬುತ್ತಾ ಹೋದರು. ಜಪಾನಿನ ಟೊಯೋಟಾದವರು ಅಂಕಿಯನ್ನೇ ಬದಲಾಯಿಸಲು ಹೊರಟರು. ಅಲ್ಲಿ 1000 ಟನ್ನಿನ ಪ್ರೆಸ್ಸಿನ ಅಚ್ಚು ಬದಲಿಸಲು ನಾಲ್ಕು ಗಂಟೆ ಬೇಕಾಗುತ್ತಿತ್ತು. ಶಿಗೆಯೊ ಶಿಂಗೊ ಅವರ ಮಾರ್ಗದರ್ಶನದಲ್ಲಿ ಅದು ಮೊದಲು 90 ನಿಮಿಷಕ್ಕೆ, ಆಮೇಲೆ 3 ನಿಮಿಷಕ್ಕೆ ಇಳಿಯಿತು. ಸೂತ್ರ ಸರಿಯಾಗಿಯೇ ಇತ್ತು, ಆ ಖರ್ಚನ್ನು ಹಣೆಬರಹ ಅಂದುಕೊಂಡಿದ್ದು ತಪ್ಪು. ನನ್ನ ಪ್ರಕಾರ ಈ ಇಡೀ ಕ್ಷೇತ್ರದ ಅತಿ ಜಾಣ ಹೆಜ್ಜೆ ಇದು.

ಟೊಯೋಟಾದ ತೈಚಿ ಓನೊ ರೂಪಿಸಿದ ಕಾನ್‌ಬಾನ್ ಪದ್ಧತಿಯ ತಿರುಳೂ ಇದಕ್ಕೆ ಹತ್ತಿರದ್ದು. ಮುಂದಿನ ಹಂತದವರು ಮಾಲು ತೆಗೆದುಕೊಂಡು ಹೋಗಿ, ಅದರ ಜೊತೆಗಿದ್ದ ಚೀಟಿ ವಾಪಸ್ ಬರುವ ತನಕ ಹಿಂದಿನ ಹಂತದವರು ಹೊಸದನ್ನು ಮಾಡುವಂತಿಲ್ಲ. ಕೈ ಖಾಲಿ ಇದ್ದರೂ ಇಲ್ಲ. ಚೀಟಿ ಎಷ್ಟಿದೆಯೋ ರಾಶಿ ಅಷ್ಟೇ.

ಇದಕ್ಕೂ ಬೆಲೆ ಇದೆ. 1997ರ ಫೆಬ್ರುವರಿ 1ರಂದು ಟೊಯೋಟಾಗೆ ಬಿಡಿಭಾಗ ಕೊಡುವ ಐಸಿನ್ ಕಂಪನಿಯ ಕರಿಯಾ ಘಟಕಕ್ಕೆ ಬೆಂಕಿ ಬಿತ್ತು. ಬ್ರೇಕಿಗೆ ಬೇಕಾದ ಪುಟ್ಟ ವಾಲ್ವ್ ಹೆಚ್ಚುಕಡಿಮೆ ಪೂರ್ತಿ ಅಲ್ಲಿಂದಲೇ ಬರುತ್ತಿತ್ತು. ದಾಸ್ತಾನು ತೀರಾ ಕಡಿಮೆ ಇದ್ದುದರಿಂದ ಜಪಾನಿನ ಟೊಯೋಟಾ ಕಾರ್ಖಾನೆಗಳು ಕೆಲವೇ ದಿನಗಳಲ್ಲಿ ನಿಂತವು. ಬೇರೆ ಬೇರೆ ಹತ್ತಾರು ಕಂಪನಿಗಳು ನಕ್ಷೆ ತರಿಸಿಕೊಂಡು, ತಮ್ಮಲ್ಲಿದ್ದ ಮಷೀನುಗಳಲ್ಲೇ ಆ ವಾಲ್ವ್ ಮಾಡಿಕೊಟ್ಟಿದ್ದರಿಂದ ಕೆಲಸ ಬೇಗ ಮತ್ತೆ ಶುರುವಾಯಿತು. 2011ರ ಭೂಕಂಪದ ನಂತರ ಟೊಯೋಟಾ ಚಿಪ್ಪುಗಳಂಥ ಕೆಲವು ಭಾಗಗಳನ್ನು ಮಾತ್ರ ತಿಂಗಳುಗಟ್ಟಲೆ ದಾಸ್ತಾನು ಇಡುವಂತೆ ಪೂರೈಕೆದಾರರಿಗೆ ಹೇಳಿತು. 2021ರಲ್ಲಿ ಜಗತ್ತಿಗೆಲ್ಲ ಚಿಪ್ ಬರ ಬಂದಾಗ ಅದು ಬೇರೆ ಕಾರ್ ಕಂಪನಿಗಳಿಗಿಂತ ಜಾಸ್ತಿ ದಿನ ತಡೆದುಕೊಂಡಿತು. ಕೊನೆಗೆ ಅದೂ ಉತ್ಪಾದನೆ ಇಳಿಸಬೇಕಾಯಿತು.

ಆ ಚಿಪ್ಪುಗಳನ್ನು ಮಾಡುವ ಕಾರ್ಖಾನೆಗಳೇ ಇವತ್ತು ಶೆಡ್ಯೂಲಿಂಗ್ ಸಂಶೋಧನೆಯ ಅತಿ ಕಠಿಣ ಅಖಾಡ. ಒಂದು ಸಿಲಿಕಾನ್ ಬಿಲ್ಲೆ ನೂರಾರು ಹಂತ ದಾಟಬೇಕು. ಅದೇ ಮಷೀನಿಗೆ ಮತ್ತೆ ಮತ್ತೆ ಬರಬೇಕು. ಹೊರಬರುವಷ್ಟರಲ್ಲಿ ತಿಂಗಳುಗಳೇ ಕಳೆದಿರುತ್ತವೆ, ಅದರಲ್ಲಿ ದೊಡ್ಡ ಪಾಲು ಸಾಲಿನಲ್ಲಿ ಕಾಯುವುದೇ. ಅಲ್ಲಿ ಚಿತ್ರ ಮೂಡಿಸುವ ಲಿಥೋಗ್ರಫಿ ಮಷೀನಿನ ಹೊಸ ಮಾದರಿಗಳಿಗೆ 10 ಕೋಟಿ ಡಾಲರ್‌ಗಿಂತಲೂ ಹೆಚ್ಚು ಬೆಲೆ. ಅಂಥದ್ದನ್ನು ಖಾಲಿ ಕೂರಿಸಲು ಯಾರಿಗೂ ಧೈರ್ಯ ಬರುವುದಿಲ್ಲ. ಬರಬೇಕಾಗಿಯೂ ಇಲ್ಲ, ಯಾಕೆಂದರೆ ಸಾಮಾನ್ಯವಾಗಿ ಇಡೀ ಸಾಲಿನ ವೇಗ ನಿರ್ಧಾರವಾಗುವುದು ಅದರಿಂದಲೇ. ಅದರ ಮುಂದೆ ಬಿಲ್ಲೆಗಳು ಎಂದೂ ತೀರದ ಹಾಗೆ ನೋಡಿಕೊಳ್ಳಬೇಕು. ಅದಕ್ಕಾಗಿ ತೊಳೆಯುವ, ಅಳೆಯುವ ಅಗ್ಗದ ಮಷೀನುಗಳನ್ನು ಬೇಕಾದ್ದಕ್ಕಿಂತ ಜಾಸ್ತಿಯೇ ಕೊಂಡು ಹಾಕುತ್ತಾರೆ. ಅವು ದಿನದಲ್ಲಿ ಎಷ್ಟೋ ಹೊತ್ತು ಸುಮ್ನೆ ನಿಂತಿರುತ್ತವೆ, ಬೇಕಂತಲೇ.