ಆ ಸೆನ್ಸರ್ ಏನು ಪಾಪ ಮಾಡಿತ್ತು?

ಹೋದ ಚಳಿಗಾಲದಲ್ಲಿ ಒಬ್ಬ ಮೇಷ್ಟ್ರು ನಮ್ಮ ಹಾಸನದ ಗ್ಯಾರೇಜಿಗೆ ಕಾರು ತಂದರು. ಜೊತೆಗೊಂದು ಕ್ಯಾರಿಬ್ಯಾಗು. ಅದರಲ್ಲಿ ಎರಡು ಆಕ್ಸಿಜನ್ ಸೆನ್ಸರ್, ನಾಲ್ಕು ಪ್ಲಗ್, ಒಂದು ಕಾಯಿಲ್. ಎಲ್ಲ ಬೇರೆ ಕಡೆ ಬಿಚ್ಚಿ ಕೈಗೆ ಕೊಟ್ಟದ್ದು. ಸೆನ್ಸರಂತೂ ಎರಡು ಸಲ ಬದಲಾಗಿತ್ತು.

"ಬದಲಾಯಿಸೋಕೆ ಇನ್ನೇನೂ ಉಳಿದಿಲ್ಲ ಕಣಪ್ಪ. ಮೀಟರ್ ಬೋರ್ಡಿನ ಇಂಜಿನ್ ಲೈಟು ಮಾತ್ರ ಹೋಗ್ಲಿಲ್ಲ."

ಬೆಳಗ್ಗೆ ಸ್ಟಾರ್ಟ್ ಮಾಡಿದರೆ ಗಾಡಿ ನಡುಗುತ್ತದೆ. ಸಿಗ್ನಲ್ಲಿನಲ್ಲಿ ಆಫ್ ಆಗುತ್ತದೆ. ಹೈವೇಗೆ ಬಿದ್ದರೆ ಯಾವ ತಕರಾರೂ ಇಲ್ಲ. ಇಷ್ಟು ಕೇಳಿದಾಗಲೇ ನನಗೆ ಅರ್ಧ ಅನುಮಾನ ಬಂದಿತ್ತು. ಗಾಡಿಯ ಕಂಪ್ಯೂಟರ್ ಓದುವ ಸ್ಕ್ಯಾನರ್ ಹಾಕಿದೆ. ಬಂದ ಕೋಡ್ ಪಿ0171. ಅಂದರೆ ಗಾಳಿ ಜಾಸ್ತಿ, ಪೆಟ್ರೋಲ್ ಕಮ್ಮಿ.

ಇಲ್ಲೇ ಎಲ್ಲರೂ ಎಡವುವುದು. ಒಂದು ಪಾಲು ಪೆಟ್ರೋಲಿಗೆ ತೂಕದಲ್ಲಿ 14.7 ಪಾಲು ಗಾಳಿ ಬೇಕು. ಆಕ್ಸಿಜನ್ ಸೆನ್ಸರ್ ಕೂತಿರುವುದು ಸೈಲೆನ್ಸರ್ ಪೈಪಿನ ಕಡೆ. ಉರಿದು ಬಂದ ಹೊಗೆಯಲ್ಲಿ ಆಕ್ಸಿಜನ್ ಮಿಕ್ಕಿದೆ ಅಂತ ಅದು ಹೇಳುತ್ತದೆ. ಕಂಪ್ಯೂಟರ್ ಪೆಟ್ರೋಲ್ ಜಾಸ್ತಿ ಮಾಡುತ್ತಾ ಹೋಗುತ್ತದೆ. ಸಾಮಾನ್ಯವಾಗಿ ಶೇಕಡ 20-25ರ ಹತ್ತಿರ ಹೋದಾಗ ಕೈಚೆಲ್ಲಿ ಲೈಟ್ ಹಾಕುತ್ತದೆ. ಸೆನ್ಸರ್ ಹೇಳಿದ್ದು ನಿಜವನ್ನೇ. ಅದನ್ನು ಬಿಚ್ಚಿ ಎಸೆದರೆ, ಮನೆ ತುಂಬ ಹೊಗೆ ಆಡುವಾಗ ಕೆಮ್ಮಿದವನನ್ನು ಆಚೆ ಹಾಕಿದ ಹಾಗೆ. ಹೊಸ ಸೆನ್ಸರ್ ಬಂದು ಅದೂ ಕೆಮ್ಮುತ್ತದೆ. ಸೆನ್ಸರ್ ಕೆಡುವುದೇ ಇಲ್ಲ ಅಂತಲ್ಲ, ಕೆಡುತ್ತದೆ. ಆದರೆ ಈ ಕೋಡ್ ಕಂಡ ತಕ್ಷಣ ಮೊದಲ ಕೈ ಸೆನ್ಸರಿಗೆ ಹೋಗಬಾರದು.

"ಇನ್‌ಟೇಕ್ ಮ್ಯಾನಿಫೋಲ್ಡ್ ಹತ್ರ ಎಲ್ಲೋ ಲೀಕ್ ಇರಬೇಕು ಮೇಷ್ಟ್ರೇ" ಅಂದೆ. ಇಂಜಿನ್ನಿನ ಸಿಲಿಂಡರುಗಳಿಗೆ ಗಾಳಿ ಹಂಚುವ ಕೊಳವೆಗಳ ಗೊಂಚಲು ಅದು. ಅವರು ಪಂಚೆ ಎತ್ತಿಕೊಂಡು ಬಗ್ಗಿ ಗಾಡಿ ಕೆಳಗೆ ನೋಡಿದರು.

"ಒಂದು ಹನಿನೂ ಬಿದ್ದಿಲ್ವಲ್ಲಪ್ಪ?"

ಬೀಳುವುದಿಲ್ಲ. ಈ ಲೀಕು ಹೊರಗೆ ಬರುವುದಲ್ಲ, ಒಳಗೆ ಹೋಗುವುದು. ಎಳನೀರಿನ ಸ್ಟ್ರಾ ಸೀಳಿದ್ದರೆ ಏನಾಗುತ್ತದೆ? ಕೆಳಗೆ ಒಂದು ತೊಟ್ಟೂ ಚೆಲ್ಲುವುದಿಲ್ಲ. ಎಷ್ಟು ಎಳೆದರೂ ಬಾಯಿಗೆ ಬರೀ ಗಾಳಿ. ಇಂಜಿನ್ನೂ ಹಾಗೇ ಎಳೆಯುತ್ತದೆ. ಗಾಡಿ ನಿಂತು ಇಂಜಿನ್ ಮಾತ್ರ ಓಡುವಾಗ, ಅಂದರೆ ಐಡ್ಲಿಂಗ್‌ನಲ್ಲಿ ಗಾಳಿ ಬಿಡುವ ಬಾಗಿಲು, ಥ್ರಾಟಲ್, ಮುಚ್ಚಿರುವುದರಿಂದ ಎಳೆತ ಜೋರು, ಬಿರುಕಿನಲ್ಲಿ ಕಳ್ಳಗಾಳಿ ನುಗ್ಗುತ್ತದೆ. ಹೈವೇಯಲ್ಲಿ ಥ್ರಾಟಲ್ ತೆರೆದು ರಾಶಿ ಗಾಳಿ ಬರುವಾಗ ಈ ಚೂರು ಲೆಕ್ಕಕ್ಕೇ ಬರುವುದಿಲ್ಲ. ಮೇಷ್ಟ್ರ ಗಾಡಿಯಲ್ಲಿ ಕಂಪ್ಯೂಟರ್ ಐಡ್ಲಿಂಗ್‌ನಲ್ಲಿ ಶೇಕಡ 23 ಜಾಸ್ತಿ ಪೆಟ್ರೋಲ್ ಕೊಡುತ್ತಿತ್ತು. 2500 ಆರ್‌ಪಿಎಂಗೆ ರೇಸ್ ಮಾಡಿದರೆ ಅದು 6ಕ್ಕೆ ಇಳಿಯಿತು. ಟ್ಯಾಂಕಿನಿಂದ ಪೆಟ್ರೋಲ್ ತಳ್ಳುವ ಪಂಪ್ ಸುಸ್ತಾಗಿದ್ದರೆ ಸಾಮಾನ್ಯವಾಗಿ ಇದು ಉಲ್ಟಾ ಇರುತ್ತದೆ.

ಒಂದು ಎಚ್ಚರಿಕೆ. ಒಳಬರುವ ಗಾಳಿಯನ್ನು ಮೀಟರ್ ಇಟ್ಟು ಅಳೆಯುವ ಗಾಡಿಗಳ ಲೆಕ್ಕ ಇದು. ನಮ್ಮ ಸುಮಾರು ಸಣ್ಣ ಕಾರುಗಳಲ್ಲಿ ಮೀಟರ್ ಇಲ್ಲ, ಮ್ಯಾನಿಫೋಲ್ಡಿನ ಒಳಗಿನ ಒತ್ತಡ ಅಳೆಯುವ ಮ್ಯಾಪ್ ಸೆನ್ಸರ್ ಇದೆ. ಅವುಗಳಲ್ಲಿ ಕಳ್ಳಗಾಳಿಯೂ ಲೆಕ್ಕಕ್ಕೆ ಸಿಕ್ಕಿಬಿಡುತ್ತದೆ. ಆಗ ಈ ಕೋಡ್ ಬರದೇ ಐಡ್ಲಿಂಗ್ ಮಾತ್ರ ಏರಿ ಕೂರಬಹುದು. ಇಂಜಿನ್ನಿನ ಎಳೆತ ಅಳೆಯಲು ವ್ಯಾಕ್ಯೂಮ್ ಗೇಜ್ ಇಡುವವರಿಗೂ ಒಂದು ಮಾತು. ಮಂಗಳೂರಲ್ಲಿ 20 ಇಂಚು ತೋರಿಸುವ ಒಳ್ಳೇ ಇಂಜಿನ್ ಹಾಸನದ ಎತ್ತರದಲ್ಲಿ 17ರ ಸುಮಾರು ತೋರಿಸುತ್ತದೆ. ಅದನ್ನೇ ಲೀಕು ಅಂದುಕೊಂಡು ಹುಡುಗರು ಸುಮ್ನೆ ಗಾಬರಿಯಾಗುತ್ತಾರೆ.

"ಗಾಡಿ ರಾತ್ರಿ ಇಲ್ಲೇ ಇರಲಿ" ಅಂದೆ. ಮೇಷ್ಟ್ರಿಗೆ ಇಷ್ಟವಾಗಲಿಲ್ಲ. ಆದರೆ ಬಿಸಿ ಇಂಜಿನ್ನಿನಲ್ಲಿ ರಬ್ಬರು ಹಿಗ್ಗಿ ಸಂದು ಕಿರಿದಾಗಿಬಿಡಬಹುದು. ಬೆಳಗ್ಗೆ ನಡುಗುವ ಗಾಡಿಯನ್ನು ಮಧ್ಯಾಹ್ನ ಓಡಿಸಿಕೊಂಡು ಬಂದರೆ ನಾನೇನು ನೋಡಲಿ? ಮಾರನೆಯ ದಿನ ತಣ್ಣಗಿರುವಾಗಲೇ, ಒಳಗೆ ಹೊಗೆ ತುಂಬಿ ಸಂದು ತೋರಿಸುವ ಸ್ಮೋಕ್ ಮೆಷಿನ್ ಹಚ್ಚಿದೆ. ಮೊದಲು ನೋಡಿದ್ದು ಮ್ಯಾನಿಫೋಲ್ಡಿಗೆ ಬಂದು ಸೇರುವ ಸಣ್ಣ ಪೈಪುಗಳನ್ನು: ಬ್ರೇಕ್ ಬೂಸ್ಟರ್ ಪೈಪು, ಪಿಸಿವಿ ಪೈಪು, ಪರ್ಜ್ ವಾಲ್ವ್ ಪೈಪು. ಎಷ್ಟೋ ಸಲ ತಪ್ಪು ಅಲ್ಲೇ ಇರುತ್ತದೆ, ಮ್ಯಾನಿಫೋಲ್ಡಿನ ತಂಟೆಗೇ ಹೋಗಬೇಕಿಲ್ಲ. ಅವೆಲ್ಲ ಚೆನ್ನಾಗಿದ್ದವು. ಆಮೇಲೆ ನಾಲ್ಕನೇ ಸಿಲಿಂಡರಿಗೆ ಗಾಳಿ ಹೋಗುವ ಬಾಯಿಯ, ಅಂದರೆ ಪೋರ್ಟಿನ, ಕೆಳಗಿಂದ ಊದುಬತ್ತಿಯ ಹಾಗೆ ಒಂದು ಎಳೆ ಹೊಗೆ ಎದ್ದಿತು. ಕೆಲವರು ಸ್ಮೋಕ್ ಮೆಷಿನ್ ಇಲ್ಲದೆ ಬೇಗ ಹೊತ್ತಿಕೊಳ್ಳುವ ಕಾರ್ಬ್ ಕ್ಲೀನರ್ ಸ್ಪ್ರೇ ಹೊಡೆದು ನೋಡುತ್ತಾರೆ. ಬಿಸಿ ಇಂಜಿನ್ ಮೇಲೆ ಅದು ಬೆಂಕಿಯ ಆಟ, ಮನೆಯಲ್ಲಿ ಮಾಡಬೇಡಿ.

ಬಿಚ್ಚಿದಾಗ ಮ್ಯಾನಿಫೋಲ್ಡಿಗೂ ಇಂಜಿನ್ ಹೆಡ್ಡಿಗೂ ನಡುವಿನ ರಬ್ಬರ್ ಪ್ಯಾಕಿಂಗ್ ಮೂರು ಕಡೆ ಇನ್ನೂ ಉಬ್ಬಿಕೊಂಡಿತ್ತು. ನಾಲ್ಕನೆಯ ಕಡೆ ಚಪ್ಪಟೆ, ಗಾಜಿನ ಹಾಗೆ ಹೊಳೆಯುತ್ತಿತ್ತು. ಉಗುರು ಒತ್ತಿದರೆ ಗೀರು ಹಾಗೇ ಉಳಿಯಿತು. ಹೆಡ್ಡಿನ ಮುಖದ ಮೇಲೆ ಕೂದಲೆಳೆಯಷ್ಟು ಕೆಂಪು ಧೂಳಿನ ಗೆರೆ. ಗಾಳಿ ಬಂದ ದಾರಿ ಅದು.

ಮ್ಯಾನಿಫೋಲ್ಡ್ ಸರಿಯಿತ್ತು, ಪ್ಯಾಕಿಂಗ್ ಮಾತ್ರ ಹಾಕಿದೆ. ಎಲ್ಲರಿಗೂ ಈ ಅದೃಷ್ಟ ಇರುವುದಿಲ್ಲ. ಈ ಮ್ಯಾನಿಫೋಲ್ಡು ಗಾಜಿನ ಎಳೆ ಬೆರೆಸಿದ ನೈಲಾನು. ಎಷ್ಟೋ ಗಾಡಿಗಳಲ್ಲಿ ಎರಡು ಚಿಪ್ಪನ್ನು ಉಜ್ಜಿ ಕರಗಿಸಿ ಬೆಸೆದಿರುತ್ತಾರೆ. ಹಳೇ ಗ್ಯಾಸ್ ಕಿಟ್ ಹಾಕಿದ ಗಾಡಿ ಒಂದು ಸಲ ಜೋರಾಗಿ ಬ್ಯಾಕ್‌ಫೈರ್ ಹೊಡೆದರೆ ಆ ಬೆಸುಗೆ ಬಿಟ್ಟುಕೊಳ್ಳಬಹುದು. ಆಗ ಬದಲಾಯಿಸಲೇಬೇಕು. ನೀರಿನ ಟ್ಯಾಂಕಿಗೆ ಮೆತ್ತುವ ಎರಡು ಬಣ್ಣದ ಹಿಟ್ಟನ್ನು ಮೆತ್ತಿ ತರುವವರಿದ್ದಾರೆ. ಆಯಿಲ್ ಕುಡಿದ ನೈಲಾನಿಗೆ ಅದು ಎಷ್ಟು ದಿನ ಹಿಡಿದೀತು? ಚೂರು ಕಳಚಿ ಒಳಗೆ ಹೋದರೆ ಇಂಜಿನ್ನಿಗೇ ಕುತ್ತು.

ಬೋಲ್ಟ್ ಬಿಗಿ ಮಾಡುವುದರಲ್ಲೂ ಪೌರುಷ ಬೇಡ. ಸುಮಾರು ಗಾಡಿಗಳಿಗೆ 10 ನ್ಯೂಟನ್ ಮೀಟರ್ ಆಸುಪಾಸು ಸಾಕು. ನಿಮ್ಮ ಗಾಡಿಯ ಮ್ಯಾನುಯಲ್ ಏನು ಹೇಳುತ್ತದೋ ಅದೇ ಕೊನೆ. ನಡುವಿನಿಂದ ಶುರು ಮಾಡಿ ಎರಡೂ ತುದಿಗೆ ಹೋಗಬೇಕು. ರಬ್ಬರ್ ಪ್ಯಾಕಿಂಗಿಗೆ ಸಿಲಿಕೋನ್ ಅಂಟು ಬಳಿಯಬಾರದು.

ಇನ್ನು ಮ್ಯಾನಿಫೋಲ್ಡ್ ಬಿಚ್ಚಿದಾಗ ಒಳಗೆ ಕಸ ಬೀಳದಂತೆ ಪೋರ್ಟಿಗೆ ತುರುಕುವ ಬಟ್ಟೆ. ಕೆಲಸ ಕಲಿಯುವಾಗ ನಾನೊಂದು ಸಲ ಬಟ್ಟೆ ತೆಗೆಯದೆ ಎಲ್ಲ ಜೋಡಿಸಿಬಿಟ್ಟಿದ್ದೆ. ಗಾಡಿ ಮೂರೇ ಸಿಲಿಂಡರಿನಲ್ಲಿ ಓಡಿತು. ಮೇಸ್ತ್ರಿ ಏನೂ ಬಯ್ಯಲಿಲ್ಲ. ಆ ಚಿಂದಿಯನ್ನು ಒಂದು ವಾರ ನನ್ನ ಊಟದ ಡಬ್ಬಿಯ ಮೇಲೆ ಕಟ್ಟಿಟ್ಟರು. ಇವತ್ತಿಗೂ ನಮ್ಮಲ್ಲಿ ಕೆಂಪು ಬಟ್ಟೆ, ಬಾಲ ಹೊರಗೆ ನೇತಾಡಬೇಕು, ಹಾಕುವಾಗ ಎಣಿಸಬೇಕು, ತೆಗೆಯುವಾಗಲೂ ಎಣಿಸಬೇಕು.

ಕೋಡ್ ಅಳಿಸಿ ಗಾಡಿ ಶುರು ಮಾಡಿದೆ. ಶೇಕಡ 23 ಜಾಸ್ತಿ ಇದ್ದ ಪೆಟ್ರೋಲ್ 2ಕ್ಕೆ ಬಂತು. ಮೇಷ್ಟ್ರು ಕ್ಯಾರಿಬ್ಯಾಗು ಬಿಚ್ಚಿ "ಹಾಗಾದ್ರೆ ಇವು?" ಅಂದರು. ಹಳೆಯ ಸೆನ್ಸರನ್ನು ವೈಸಿಗೆ ಕಚ್ಚಿಸಿ ತುದಿಗೆ ಗ್ಯಾಸ್ ಟಾರ್ಚ್ ಹಿಡಿದೆ. ಕಾದ ಮೇಲೆ ಮೀಟರ್ 0.8 ವೋಲ್ಟ್ ದಾಟಿತು. ಬೆಂಕಿ ತೆಗೆದೆ, ಗಾಳಿಯ ಆಕ್ಸಿಜನ್ ತಾಗಿ ಸೊನ್ನೆಯ ಹತ್ತಿರ ಇಳಿಯಿತು. ಎರಡನೆಯದೂ ಹಾಗೇ. ಎರಡೂ ಚೆನ್ನಾಗಿದ್ದವು.

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಎರಡನ್ನೂ ಆರಲು ಬಿಟ್ಟು ಪೇಪರಿನಲ್ಲಿ ಸುತ್ತಿದರು. ಕಾರಿನ ಮುಂದಿನ ಸೀಟಲ್ಲಿದ್ದ ಹೆಂಡತಿಯ ಕಡೆ ಒಮ್ಮೆ ನೋಡಿ, ಗಂಟು ನನ್ನ ಕೈಗೇ ಕೊಟ್ಟರು.

"ಇಲ್ಲೇ ಇಟ್ಕೊ ಕಣಪ್ಪ. ಮನೆಗೆ ಬೇಡ."